ಒಂದೇ ಸ್ಪೀಕರಿನಲ್ಲಿ ಕೇಳದ ಒಡಪು

ಮದುವೆ ಸೀಸನ್ನಿನ ನಟ್ಟನಡುವೆ ನಮ್ಮ ಸ್ಟುಡಿಯೋದ ಆಡಿಯೋ ಎಡಿಟರ್ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದ. ಸ್ಟುಡಿಯೋ ಎಂದರೆ ದಾವಣಗೆರೆಯ ಮಂಡಿಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿಯೊಂದರ ಮೇಲಿರುವ ಎರಡು ಕೋಣೆ. ನಾನು ಅಲ್ಲಿ ಚಿತ್ರ ಕತ್ತರಿಸುವುದು, ಹೆಸರು ಬರೆಯುವುದು ಮಾಡುತ್ತಿದ್ದೆ. ಸದ್ದಿನ ತಂಟೆಗೆ ಹೋದವನಲ್ಲ. ಮಾಲೀಕರು ನನ್ನ ಮುಂದೆ ಹೆಡ್‌ಫೋನ್ ಇಟ್ಟು, “ಪ್ರೊಫೆಸರ್ ಸಾಬ್, ಇನ್ಮೇಲೆ ಇದೂ ನಿಮ್ದೇ. ಅಷ್ಟು ದಪ್ಪ ದಪ್ಪ ಪುಸ್ತಕ ಓದೀರಿ, ಇದೇನು ಮಹಾ” ಎಂದರು. ನಾನು ಪ್ರೊಫೆಸರ್ ಅಲ್ಲ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ ಎಂಬುದು ಅವರಿಗೆ ಸಿಕ್ಕಿರುವ ತಮಾಷೆ.

ಓದಿನಿಂದ ನನಗೆ ಉಳಿದದ್ದು ಒಂದೇ ಗುಣ, ಅನುಮಾನ. ನಮ್ಮ ಹಳೆಯ ತಾರ್ಕಿಕರು ಜ್ಞಾನಕ್ಕೆ ದಾರಿಯಾಗುವ ಪ್ರಮಾಣಗಳನ್ನು ಎಣಿಸುವಾಗ ನೆನಪನ್ನು ಹೊರಗಿಟ್ಟರು. ಆ ಪಾಠ ಕೇಳಿದ ದಿನದಿಂದ ಬೇರೆಯವರ ನೆನಪಿನ ಮೇಲಿರಲಿ, ನನ್ನ ನೆನಪಿನ ಮೇಲೂ ನನಗೆ ಭರವಸೆಯಿಲ್ಲ. ಬೈಕಿನ ಕೀಲಿ ಜೇಬಿನಲ್ಲಿದೆ ಎಂದು ಗೊತ್ತಿದ್ದೂ ಮುಟ್ಟಿ ನೋಡುವವನು ನಾನು.

ನನ್ನ ಪಾಲಿಗೆ ಬಂದ ಮೊದಲ ಪೂರ್ತಿ ಕೆಲಸ ಹರಿಹರದ್ದು. ಒಬ್ಬ ಅಜ್ಜ ಅಜ್ಜಿಯ ಮದುವೆಗೆ ಐವತ್ತು ವರ್ಷ ತುಂಬಿದ ಸಮಾರಂಭ. ಮಗಳು ಮುಂದೆ ನಿಂತು ಎಲ್ಲ ಏರ್ಪಾಟು ಮಾಡಿದ್ದರು. ಊಟಕ್ಕೆ ಮುಂಚೆ, ಅಜ್ಜನ ತಂಗಿಯನ್ನು ಮುಂದಿಟ್ಟುಕೊಂಡು, ಹೆಂಗಸರೆಲ್ಲ ಸೇರಿ ಅಜ್ಜಿಯನ್ನು ಒಡಪು ಹೇಳಲು ಹಿಡಿದುಕೊಂಡರು. ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸದ ಎರಡು ಸಾಲು ಕಟ್ಟಿ ಅದರ ಕೊನೆಯಲ್ಲಿ ಸೇರಿಸಬೇಕು. ಅದೇ ಒಡಪು. ಈ ಅಜ್ಜಿ ತಮ್ಮ ಮದುವೆಯ ದಿನವೂ ಜಪ್ಪಯ್ಯ ಎಂದರೂ ಬಾಯಿ ಬಿಟ್ಟಿರಲಿಲ್ಲವಂತೆ. ಅಜ್ಜನ ಹೆಸರು ಕೊಟ್ರಪ್ಪ. ಮೊಮ್ಮಗನೊಬ್ಬನಿಗೆ ಕೊಟ್ರೇಶ ಎಂದು ಹೆಸರಿಟ್ಟದ್ದಕ್ಕೆ ಅವನನ್ನೂ ಅವರು ‘ಮರಿ’ ಎಂದೇ ಕರೆಯುತ್ತಾರೆ, ಅರ್ಧ ಹೆಸರೂ ನಾಲಗೆಗೆ ತಾಗಬಾರದೆಂದು.

ಬೆಳಿಗ್ಗೆ ಪೂಜೆಗೆ ಮುಂಚೆಯೇ ಕೈಯಲ್ಲಿ ಹಿಡಿಯುವ ಮೈಕು ಕೊಡಲು ಹೋದಾಗ ಅಜ್ಜಿ ದೂರ ತಳ್ಳಿದ್ದರು. “ಇದನ್ನ ಹಿಡ್ಕಂಡು ನಿಲ್ಲಾಕೆ ನಾನೇನು ಎಲೆಕ್ಷನ್‌ಗೆ ನಿಂತೀನೇನು?” ಕೊನೆಗೆ ಮಗಳೇ ಒಂದು ಪುಟ್ಟ ಕಾಲರ್ ಮೈಕನ್ನು ಅವರ ಸೆರಗಿನ ಅಂಚಿಗೆ ಸಿಕ್ಕಿಸಿದ್ದರು. ಅದರ ಸದ್ದು ನನ್ನ ರೆಕಾರ್ಡರಿಗೆ ಬರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಕೇಳಬೇಕಿತ್ತು, ಹಾಕಿರಲಿಲ್ಲ. ಕೆಂಪು ದೀಪ ಉರಿಯುತ್ತಿದೆ, ಮೀಟರು ಕುಣಿಯುತ್ತಿದೆ, ಇನ್ನೇನು ಬೇಕು ಎಂದುಕೊಂಡು ಹಿಂದೆ ನಿಂತು ನೋಡಿದೆ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದರು:

“ಹೊಳೀಗೆ ಎರಡು ದಂಡಿ, ಗಾಡೀಗೆ ಎರಡು ಗಾಲಿ,
ನಾ ತವರಿಗೆ ಹೊಂಟ್ರೆ ಮನಿಯೆಲ್ಲ ಖಾಲಿ ಅಂತಾರ ನಮ್ಮ…”

ಕೊಟ್ರಪ್ಪ. ಹಾಲ್ ಎದ್ದು ಕುಣಿಯಿತು. ಅಜ್ಜ ಮಾತ್ರ ಸುತ್ತಲಿನ ಮುಖಗಳನ್ನು ನೋಡಿ ತಾವೂ ನಕ್ಕರು. ಅವರಿಗೆ ಕಿವಿ ಮಂದ. ಶ್ರವಣಯಂತ್ರ ಸೀಟಿ ಹೊಡೆಯುತ್ತದೆಂದು ಡಬ್ಬಿಯಲ್ಲಿಟ್ಟು ಬಂದಿದ್ದರು. ಐವತ್ತು ವರ್ಷಕ್ಕೆ ಒಮ್ಮೆ ಹೆಂಡತಿ ಹೇಳಿದ ಹೆಸರು ಅದರ ಯಜಮಾನನೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಕೇಳಿಸಿತ್ತು.

ಎರಡು ದಿನ ಬಿಟ್ಟು ಮಗಳು ಸ್ಟುಡಿಯೋಕ್ಕೆ ಬಂದು ಹೇಳಿದ್ದೂ ಅದನ್ನೇ. ಪೂರ್ತಿ ವಿಡಿಯೋ ನಿಧಾನಕ್ಕೆ ಕೊಡಿ, ಆದರೆ ಒಡಪಿನ ತುಣುಕು ಮೊದಲು ಬೇಕು. ಅಪ್ಪ ಇನ್ನೇನನ್ನೂ ಕೇಳುತ್ತಿಲ್ಲ, ಅವ್ವನ ಬಾಯಲ್ಲಿ ತನ್ನ ಹೆಸರು ಹೇಗೆ ಬಂತು ಅಂತ ಒಂದು ಸಲ ಕೇಳಬೇಕು ಅನ್ನುತ್ತಿದ್ದಾರೆ. ಅವ್ವ ಇನ್ನೊಮ್ಮೆ ಹೇಳುವ ಪೈಕಿ ಅಲ್ಲ. “ಒಡಪು ಒಂದು ಸಲದ್ದು, ದಿನಾ ಹೇಳಾಕೆ ಅದೇನು ಮಂತ್ರನಾ ಅಂತಾಳ್ರಿ. ನಿಮ್ಮ ಮಿಷನ್ನಿನಾಗೆ ಐತಲ್ಲ, ಅದೇ ಗತಿ.”

ಕೆಲಸಕ್ಕೆ ಕೂತೆ. ಕ್ಯಾಮೆರಾದ ಚಿತ್ರ ಒಂದು ಕಡೆ, ರೆಕಾರ್ಡರಿನ ಸದ್ದು ಇನ್ನೊಂದು ಕಡೆ. ಎರಡನ್ನೂ ಹೊಂದಿಸಲು ಒಂದು ಚೂಪಾದ ಸದ್ದು ಬೇಕು. ಸಿನಿಮಾದವರು ಹಲಗೆ ಬಡಿಯುತ್ತಾರೆ, ನಮಗೆ ಪೂಜೆಯ ತೆಂಗಿನಕಾಯಿ ಸಿಕ್ಕಿತು. ಕಾಯಿ ಒಡೆದಾಗ ಎರಡೂ ಟ್ರ್ಯಾಕಿನಲ್ಲಿ ಮೊಳೆಯಂತೆ ಎದ್ದ ಗೆರೆಗಳನ್ನು ಒಂದರ ಕೆಳಗೆ ಒಂದು ಕೂರಿಸಿದೆ. ತುಟಿಗೂ ಮಾತಿಗೂ ತಾಳೆಯಾಯಿತು. ಒಡಪಿಗೆ ಬರುವ ಹೊತ್ತಿಗೆ ಮತ್ತೆ ತಪ್ಪಿತು. ಅಜ್ಜಿ ಸೆರಗನ್ನು ಬಾಯಿಗೆ ತರುವ ಮೊದಲೇ ಮಾತು ಬರುತ್ತಿತ್ತು. ಆ ಭಾಗವನ್ನು ಮಾಲೀಕರು ತಮ್ಮ ಫೋನಿನಲ್ಲಿ ತೆಗೆದಿದ್ದರು. ಫೋನು ಬೆಳಕು ನೋಡಿಕೊಂಡು ಚಿತ್ರದ ವೇಗವನ್ನು ತನಗೆ ತಿಳಿದಂತೆ ಹೆಚ್ಚು ಕಡಿಮೆ ಮಾಡುತ್ತದೆ, ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಒಂದೇ ವೇಗವೆಂದು ನಂಬುತ್ತದೆ. ಇದನ್ನು ಕಂಡುಹಿಡಿಯುವುದರೊಳಗೆ ನಾನು ಇಡೀ ಟ್ರ್ಯಾಕನ್ನು ತುಂಡು ತುಂಡು ಮಾಡಿ ಎಳೆದಾಡಿ ಕೆಡಿಸಿದ್ದೆ. ಫೈಲನ್ನು ಒಂದೇ ವೇಗಕ್ಕೆ ಬದಲಿಸಿ ಮೊದಲಿಂದ ಶುರು ಮಾಡಿದೆ.

ಆಮೇಲೆ ಫ್ಯಾನಿನ ಗುಂಯ್‌ಗುಟ್ಟುವಿಕೆ. ಯಾರೂ ಮಾತಾಡದ ಒಂದು ಚೂರನ್ನು ತೋರಿಸಿ, ‘ಇದು ಗದ್ದಲ, ಇದನ್ನು ಎಲ್ಲ ಕಡೆಯಿಂದ ತೆಗಿ’ ಎಂದರೆ ಸಾಫ್ಟ್‌ವೇರ್ ತೆಗೆಯುತ್ತದೆ. ಖುಷಿಯಲ್ಲಿ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಫ್ಯಾನು ಹೋಯಿತು, ಅಜ್ಜಿ ಹಂಡೆಯೊಳಗೆ ಕೂತು ಮಾತಾಡಿದ ಹಾಗಾಯಿತು. ಮಾಲೀಕರು ಕೇಳಿ, “ಯಾಕ್ರಿ, ಸ್ನಾನಕ್ಕೆ ಹೋಗ್ಯಾರೇನು?” ಎಂದರು. ಅರ್ಧಕ್ಕಿಂತ ಕಡಿಮೆಗೆ ಇಳಿಸಿದೆ. ಸ್ವಲ್ಪ ಫ್ಯಾನು ಉಳಿಯಿತು, ಅಜ್ಜಿಯೂ ಉಳಿದರು.

ಕೊನೆಗೆ, ಹೆಸರು ಬರುವ ಜಾಗದಲ್ಲಿ ನಗು, ಚಪ್ಪಾಳೆ ತುಂಬಿ ಬರಲಿ ಎಂದು, ಅಲ್ಲಿಯವರೆಗೆ ಸಣ್ಣಗಿಟ್ಟಿದ್ದ ಮಾಲೀಕರ ಫೋನಿನ ಸದ್ದನ್ನು ಎತ್ತಿದೆ. ಹೆಡ್‌ಫೋನಿನಲ್ಲಿ ಭರ್ಜರಿಯಾಗಿತ್ತು. ಅಜ್ಜಿಯ ದನಿ ತಲೆಯ ನಡುವೆ ಅಲ್ಲ, ಎರಡು ಕಿವಿಗಳ ಆಚೆ ಎಲ್ಲೋ ಹರಡಿಕೊಂಡಂತೆ ಕೇಳುತ್ತಿತ್ತು. ವಿಶಾಲವಾಗಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ತುಣುಕನ್ನು ಮಗಳ ಫೋನಿಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಕರೆ ಬಂತು. “ಸರ್, ಒಡಪು ಎಲ್ಲೈತ್ರಿ? ಅವ್ವನ ಸೆರಗು ಅಲ್ಲಾಡ್ತೈತೆ, ಮಾತಿಲ್ಲ. ಆಮೇಲೆ ಕೊಟ್ರಪ್ಪ ಅನ್ನೋದು ಮಾತ್ರ ಕೇಳ್ತೈತೆ.”

ನಿಮ್ಮ ಫೋನಿನ ದೋಷವಿರಬೇಕು ಎಂದು ಬಾಯಿಗೆ ಬಂದಿತ್ತು, ತಡೆದುಕೊಂಡೆ. ಹರಿಹರಕ್ಕೆ ಹೋದೆ. ಅಜ್ಜ ಫೋನನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. “ಗದ್ದಲ ಕೇಳ್ತೈತಪ್ಪ. ಚಪ್ಪಾಳಿ ಕೇಳ್ತೈತೆ. ಅವಳು ಎಲ್ಲಿ?” ಎಂದರು. ಅವರಿಗೆ ಕಿವಿ ಮಂದವೆಂದುಕೊಳ್ಳಬಹುದಿತ್ತು. ಆದರೆ ಪಕ್ಕದಲ್ಲಿ ನಿಂತ ನನಗೂ ಅಜ್ಜಿ ಕೇಳಲಿಲ್ಲ. ಫ್ಯಾನು, ಪಾತ್ರೆ, ಯಾರದೋ ಕೆಮ್ಮು, ನಂತರ ‘ಕೊಟ್ರಪ್ಪ’, ನಗು. ನನ್ನ ಇಯರ್‌ಫೋನ್ ಹಾಕಿ ಅದೇ ಫೈಲನ್ನು ಕೇಳಿದೆ. ಅಜ್ಜಿ ಸ್ಪಷ್ಟವಾಗಿದ್ದರು. ತೆಗೆದೆ, ಇಲ್ಲ. ಹಾಕಿದೆ, ಇದ್ದಾರೆ.

ಅಡುಗೆಮನೆ ಬಾಗಿಲಿನಲ್ಲಿ ನಿಂತು ಅಜ್ಜಿ ಇದನ್ನೆಲ್ಲ ನೋಡುತ್ತಿದ್ದರು. ಒಳಗೆ ಹೋಗಿ ನನಗೆ ಮಂಡಕ್ಕಿ ಕಲಸಿಕೊಂಡು ಬಂದು ಕೊಟ್ಟರು.

ಮರಳಿ ಬರುವ ಬಸ್ಸಿನಲ್ಲಿ ನಾನು ನನ್ನನ್ನೇ ಪಾಟೀಸವಾಲಿಗೆ ನಿಲ್ಲಿಸಿದೆ. ಕಳಿಸುವ ಮೊದಲು ನಾನು ಇದನ್ನು ಹೆಡ್‌ಫೋನಿಲ್ಲದೆ ಕೇಳಿದ್ದೆನೇ? ಕೇಳಿದ್ದೆ ಎಂದು ನೆನಪು. ಆದರೆ ಮಂಡಿಪೇಟೆಯ ಹಮಾಲರ ಕೂಗು, ಆಟೋ ಹಾರನ್‌ಗಳ ನಡುವೆ ಅಲ್ಲಿ ಯಾರೂ ಸ್ಪೀಕರ್ ಹಾಕುವುದೇ ಇಲ್ಲ. ಹಾಗಾದರೆ ಆ ನೆನಪು ಎಲ್ಲಿಂದ ಬಂತು?

ಸ್ಟುಡಿಯೋದಲ್ಲಿ ಕೂತು ಒಂದೊಂದನ್ನೇ ತೆಗೆದು ನೋಡಿದೆ. ಗದ್ದಲ ತೆಗೆಯುವ ಫಿಲ್ಟರ್ ಆರಿಸಿದೆ, ವ್ಯತ್ಯಾಸವಿಲ್ಲ. ಫೈಲನ್ನು ಬೇರೆ ಬಗೆಯಲ್ಲಿ ಹೊರತೆಗೆದೆ, ಅದೇ ಕಥೆ. ಹರಿಹರದಲ್ಲಿ ಫೋನಿಗೆ ಇದ್ದದ್ದು ಒಂದೇ ಸ್ಪೀಕರ್ ಎಂಬುದು ಆಗ ಹೊಳೆಯಿತು. ಸಾಫ್ಟ್‌ವೇರಿನಲ್ಲಿ ಎಡ ಬಲ ಎರಡನ್ನೂ ಬೆರೆಸಿ ಒಂದು ಮಾಡುವ ಮೋನೋ ಗುಂಡಿಯಿದೆ. ಒತ್ತಿದೆ. ಹೆಡ್‌ಫೋನಿನಲ್ಲೇ ಅಜ್ಜಿ ಮಾಯವಾದರು. ಬಿಟ್ಟೆ, ಬಂದರು.

ಅಲೆಯನ್ನು ದೊಡ್ಡದು ಮಾಡಿ ನೋಡಿದಾಗ ಅರ್ಥವಾಯಿತು. ಎಡಗಡೆಯ ಗೆರೆ ಗುಡ್ಡದಂತೆ ಎದ್ದಲ್ಲೆಲ್ಲ ಬಲಗಡೆಯದು ಅಷ್ಟೇ ಆಳದ ಹಳ್ಳ. ಗುಡ್ಡ ಕಡಿದು ಹಳ್ಳ ಮುಚ್ಚಿದರೆ ಉಳಿಯುವುದು ಬಯಲು. ಎರಡು ಕಿವಿಗೆ ಬೇರೆ ಬೇರೆಯಾಗಿ ಹೋದಾಗ ಮಾತು, ಒಂದೇ ಸ್ಪೀಕರಿನಲ್ಲಿ ಕೂಡಿದಾಗ ಮೌನ. ಅಪರಾಧಿ ಮೈಕಿನ ರಿಸೀವರಿನಿಂದ ರೆಕಾರ್ಡರಿಗೆ ಹಾಕಿದ್ದ ವೈರು. ಆ ರಿಸೀವರು ಒಂದೇ ಸದ್ದನ್ನು ನೆಟ್ಟಗೆ ಒಮ್ಮೆ, ತಲೆಕೆಳಗಾಗಿ ಒಮ್ಮೆ ಕಳಿಸುತ್ತದೆ. ಸರಿಯಾದ ವೈರಾಗಿದ್ದರೆ ರೆಕಾರ್ಡರು ತಲೆಕೆಳಗಾದದ್ದನ್ನು ಮತ್ತೆ ನೆಟ್ಟಗೆ ಮಾಡಿ ಎರಡನ್ನೂ ಒಂದಾಗಿ ಸೇರಿಸುತ್ತಿತ್ತು. ನಮ್ಮ ವೈರು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಂಚಿತ್ತು. ಅದನ್ನು ಸಿಕ್ಕಿಸಿದವರು ಮಾಲೀಕರೆಂದು ನನಗೆ ಚೆನ್ನಾಗಿ ನೆನಪಿದೆ. ನಾನೆಂದು ಅವರಿಗೆ ಚೆನ್ನಾಗಿ ನೆನಪಿದೆ. ಆ ಮೊಕದ್ದಮೆ ಈಗಲೂ ಬಾಕಿ.

ಮದ್ದು ಸುಲಭವಿತ್ತು. ಬಲಗಡೆಯದನ್ನು ಬಿಸಾಕಿ, ಎಡಗಡೆಯದನ್ನೇ ಎರಡೂ ಕಡೆ ಹಾಕಿದೆ. ಮೋನೋ ಒತ್ತಿದೆ. ‘ಹೊಳೀಗೆ ಎರಡು ದಂಡಿ’ ಎಂದು ಅಜ್ಜಿ ಗಂಟೆ ಬಾರಿಸಿದಂತೆ ಬಂದರು. ನಾನು ಕುರ್ಚಿ ತಿರುಗಿಸಿ ಒಂದು ಸುತ್ತು ಹೊಡೆದೆ. ಮಾಲೀಕರು ಚಹಾ ತರಿಸಿದರು.

ಚಹಾ ಕುಡಿಯುವಾಗ ಅನುಮಾನ ತಲೆ ಎತ್ತಿತು. ಕೆಟ್ಟುಹೋಗಿದ್ದ ಫೈಲಿನಲ್ಲಿ ಅಜ್ಜಿಯ ಮೈಕಿನಿಂದ ಬಂದದ್ದೆಲ್ಲ ಅಳಿಸಿಹೋಗುತ್ತಿತ್ತು. ಆದರೂ ಹೆಸರು ಮಾತ್ರ ಕೇಳುತ್ತಿತ್ತು. ಹೆಸರೂ ಅಜ್ಜಿಯ ಬಾಯಿಂದ ಬಂದಿದ್ದರೆ ಒಡಪಿನ ಜೊತೆ ಅದೂ ಹೋಗಬೇಕಿತ್ತಲ್ಲ?

ಲೋಟ ಕೆಳಗಿಟ್ಟು, ಫೋನಿನ ಟ್ರ್ಯಾಕನ್ನು ಮುಚ್ಚಿ, ಸೆರಗಿನ ಮೈಕನ್ನು ಮಾತ್ರ ಬಿಟ್ಟೆ. ‘ಮನಿಯೆಲ್ಲ ಖಾಲಿ ಅಂತಾರ ನಮ್ಮ’ ಎಂಬಲ್ಲಿಗೆ ಬಂತು. ಮುಂದೆ ದೂರದಲ್ಲಿ ಹೆಂಗಸರ ಗುಂಪು, ಎಲ್ಲರಿಗಿಂತ ಮುಂದೆ ಅಜ್ಜನ ತಂಗಿಯ ದನಿ, ‘ಕೊಟ್ರಪ್ಪ’ ಎಂದು ಕೂಗಿತು. ‘ಪ್ಪ’ ಎನ್ನುವಾಗ ಬಾಯಿಂದ ಹೊರಡುವ ಗಾಳಿ ಹತ್ತಿರದ ಮೈಕಿಗೆ ಬಡಿದು ಗೆರೆ ಉಬ್ಬಬೇಕು, ಉಬ್ಬಿರಲಿಲ್ಲ. ಆ ಕೂಗಿನ ಅಡಿಯಲ್ಲಿ, ಮೈಕಿಗೆ ತೀರ ಹತ್ತಿರ, ಅಜ್ಜಿ ತಮ್ಮಷ್ಟಕ್ಕೆ ಅಂದಿದ್ದರು: “ಹೇಳಿ ಏನು ಮಾಡ್ಲಿ, ಅವ್ರಿಗೆ ಕೇಳ್ಸಲ್ಲ.”

ಅಜ್ಜಿ ಹೆಸರು ಹೇಳಿಯೇ ಇರಲಿಲ್ಲ. ಹಾಲ್‌ನಲ್ಲಿದ್ದವರೆಲ್ಲ ತಾವೇ ಕೂಗಿ, ಅವರ ಬಾಯಿಂದ ಕೇಳಿದೆವೆಂದು ಊಟಕ್ಕೆ ಎದ್ದಿದ್ದರು. ನಾನೂ ಅವರಲ್ಲಿ ಒಬ್ಬ. ಮಗಳಿಗೆ ಫೋನ್ ಮಾಡಿ ಏನೂ ತಿಳಿಯದವನಂತೆ ಕೇಳಿದರೆ, ಹೆಸರು ಹೇಳುವಾಗ ಅವ್ವನ ಕಣ್ಣು ಹೇಗೆ ತುಂಬಿತ್ತು ಎಂಬುದನ್ನೂ ವರ್ಣಿಸಿದರು.

ಮಾಲೀಕರಿಗೆ ಇದರಲ್ಲಿ ಸಮಸ್ಯೆಯೇ ಕಾಣಲಿಲ್ಲ. “ಎಲ್ಲರೂ ಕೇಳೀವಿ ಅಂತಾರೆ, ಖುಷಿಯಾಗ್ಯಾರೆ. ನಿಮಗೊಬ್ಬರಿಗೆ ಯಾಕ ಫಿಕರ್?” ಅಜ್ಜನಿಗೆ ತಂಗಿಯ ದನಿ ಗುರುತು ಸಿಗುತ್ತದೆ, ಅವರು ಕೇಳಬೇಕೆಂದಿರುವುದು ಹೆಂಡತಿಯದು ಎಂದೆ. ಅವರು ಯೋಚಿಸಿದರು. ಬೇರೆಲ್ಲಾದರೂ ಅಜ್ಜಿ ಆ ಹೆಸರು ಅಂದಿದ್ದರೆ ಕತ್ತರಿಸಿ ಅಂಟಿಸಿ ಎಂದರು. ಅಜ್ಜಿ ಅಂದಿರಲಿಲ್ಲ. ಆದರೆ ಬೆಳಿಗ್ಗೆ ಯಾರೋ ಕೇಳಿದ್ದಕ್ಕೆ ಅದೇ ಮೈಕಿನಲ್ಲಿ ಅವರು ಹೇಳಿದ್ದ ಒಂದು ಮಾತಿತ್ತು: “ನಮ್ಮಪ್ಪ ನನ್ನ ಈ ಮನಿಗೆ ಕೊಟ್ರು.”

ನಾನು ಮಾಲೀಕರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ‘ಕೊಟ್ರು’ ಎಂಬುದರ ಬಾಲ ಕತ್ತರಿಸಿದೆ. ‘ನಮ್ಮಪ್ಪ’ನ ಹಿಂದಿನ ತುದಿಯನ್ನು ತಂದು ಅದಕ್ಕೆ ಅಂಟಿಸಿದೆ. ಬೆಸುಗೆ ಕಾಣದಂತೆ ಒಂದು ಇನ್ನೊಂದರೊಳಗೆ ಕರಗುವ ಹಾಗೆ ಮಾಡಿ, ಎರಡನೆಯದರ ಏರುದನಿಯನ್ನು ಚೂರು ತಗ್ಗಿಸಿ, ಒಡಪಿನ ಕೊನೆಗೆ ಕೂರಿಸಿದೆ. ಅಜ್ಜಿ, ತಮ್ಮದೇ ದನಿಯಲ್ಲಿ, ಸ್ವಲ್ಪ ನಾಚಿ ‘ಕೊಟ್ರಪ್ಪ’ ಎಂದರು. ಮಾಲೀಕರು, “ಕಮಾಲ್ ಮಾಡಿದ್ರಿ ಬಿಡ್ರಿ” ಎಂದು ಕೈ ಕುಲುಕಿದರು. ಕಲಿಯಲು ಶುರು ಮಾಡಿದ ಮೇಲೆ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ. ಇವತ್ತಿಗೂ ಅಷ್ಟು ನಯವಾದ ಜೋಡಣೆ ನನ್ನಿಂದ ಆಗಿಲ್ಲ.

ಮತ್ತೆ ಮತ್ತೆ ಕೇಳಿದೆ. ಕೇಳುತ್ತ ಕೇಳುತ್ತ ಒಂದು ವಿಚಿತ್ರ ಶುರುವಾಯಿತು. ಹರಿಹರದ ಹಾಲ್‌ನಲ್ಲಿ ನಾನು ನಿಂತಿದ್ದ ಜಾಗ, ಅಜ್ಜಿಯ ಸೆರಗು ಸರಿದದ್ದು, ತುಟಿ ಆಡಿದ್ದು, ಈ ‘ಕೊಟ್ರಪ್ಪ’ ಹೊರಬಂದದ್ದು, ಎಲ್ಲವೂ ನನಗೆ ನೆನಪಾಗತೊಡಗಿತು. ಅಂಟಿಸಿದವನು ನಾನೇ, ಕತ್ತರಿಯ ಗುರುತು ಕಣ್ಣ ಮುಂದಿದೆ, ಆದರೂ ನೆನಪು ನಾಚಿಕೆಯಿಲ್ಲದೆ ಸಾಕ್ಷಿ ಹೇಳುತ್ತಿದೆ. ನನಗೇ ಹೀಗಾದರೆ, ಎರಡು ವರ್ಷ ಬಿಟ್ಟು ಆ ಮನೆಯಲ್ಲಿ ನಡೆದದ್ದು ಏನೆಂದು ತಿಳಿದಿರುವುದು ಅಜ್ಜಿಯೊಬ್ಬರಿಗೇ, ಆಮೇಲೆ ಬಹುಶಃ ಅವರಿಗೂ ಇಲ್ಲ. ಅಜ್ಜ ಕೇಳಿದ್ದು ಹೆಂಡತಿ ಕೊಡುವ ಒಂದು ವಸ್ತುವನ್ನು. ನಾನು ಅದನ್ನು ತಯಾರಿಸಿ ಕೊಡಲು ಹೊರಟಿದ್ದೆ.

ತುಂಡನ್ನು ಅಳಿಸಿದೆ. ಮಾಲೀಕರು ಹಣೆ ಚಚ್ಚಿಕೊಂಡರು. “ಓದಿದೋರನ್ನ ಇಟ್ಕಬಾರ್ದು ಅಂತ ನಮ್ಮ ಅಬ್ಬಾ ಹೇಳಿದ್ರು.” ಆದರೂ ನಾನು ಮರುದಿನ ಹರಿಹರಕ್ಕೆ ಹೊರಟಾಗ ರೆಕಾರ್ಡರ್, ಕಾಲರ್ ಮೈಕು, ದೊಡ್ಡ ಹೆಡ್‌ಫೋನ್ ಎಲ್ಲವನ್ನೂ ಚೀಲಕ್ಕೆ ತುಂಬಿಕೊಟ್ಟವರು ಅವರೇ. ಸರಿಯಾದ ವೈರನ್ನು ನನ್ನ ಕೈಯಿಂದಲೇ ಆರಿಸಿಸಿದರು.

ಅಜ್ಜ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಮಗಳು ಹೊರಗೆ ಹೋಗಿದ್ದರು. ನಾನು ನೇರ ಅಡುಗೆಮನೆಗೆ ಹೋಗಿ, ಮೊದಲು ನೀವು ಕೇಳಬೇಕು ಎಂದು ಅಜ್ಜಿಗೆ ಹೆಡ್‌ಫೋನ್ ಹಾಕಿದೆ. ಕೇಳುತ್ತ ಅವರ ಮುಖ ಅರಳಿತು, ತಮ್ಮ ಒಡಪು ತಮಗೇ ಹಿಡಿಸಿತ್ತು. ಆಮೇಲೆ ಆ ಮಾತು ಬಂತು. ಕೈಯಲ್ಲಿದ್ದ ಸೌಟನ್ನು ನಿಧಾನಕ್ಕೆ ಕಟ್ಟೆಯ ಮೇಲಿಟ್ಟರು.

“ಇದನ್ನೂ ಹಿಡ್ದೈತಾ ಇದು?”

ಹಿಡಿದಿದೆ, ನಾನು ಮತ್ತು ನಮ್ಮ ಮಾಲೀಕರು ಬಿಟ್ಟು ಯಾರೂ ಕೇಳಿಲ್ಲ ಎಂದೆ. ಏನು ಉಳಿಸಬೇಕು, ಏನು ತೆಗೆಯಬೇಕು ಎಂದು ನೀವು ಹೇಳಿದಂತೆ ಮಾಡುತ್ತೇನೆ ಎಂದೆ. ಅವರಿಗೆ ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತಮ್ಮ ಆ ಮಾತು ತೆಗೆಯಬೇಕು, ನಾದಿನಿಯ ಕೂಗು ಹಾಗೇ ಇರಬೇಕು, ಅವಳೂ ಖುಷಿಪಡಲಿ. ವಿಡಿಯೋ ಈಗ ಹಾಗೆಯೇ ಇದೆ.

ಆಮೇಲೆ ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಇದು ಹಾಕಿದ್ರೆ ಅವ್ರಿಗೆ ಕೇಳ್ಸುತ್ತಾ?”

ಸದ್ದು ಏರಿಸಿದರೆ ಕೇಳಿಸಬಹುದು ಎಂದೆ.

“ಹಂಗಾರೆ ಹಾಕ್ರಿ ಅವ್ರಿಗೆ. ಆ ಚೋಟುದ್ದದ್ದು ನಂಗೆ ಸಿಕ್ಕಿಸ್ರಿ. ರೆಕಾರ್ಡ್ ಮಾಡಬ್ಯಾಡ್ರಿ ಮತ್ತೆ, ನೋಡ್ತಿರ್ತೀನಿ.”

ಅಜ್ಜಿಯ ಸೆರಗಿಗೆ ಮೈಕು ಸಿಕ್ಕಿಸಿ, ಅಜ್ಜನ ತಲೆಗೆ ರೆಕಾರ್ಡರಿನ ಹೆಡ್‌ಫೋನ್ ಹಾಕಿದೆ. ವಿಡಿಯೋ ತಂದಿದ್ದೇನೆಂದು ತಿಳಿದು ಅವರು ಪೇಪರ್ ಮಡಚಿ, ಪರದೆ ಎಲ್ಲಿ ಎಂದು ಹುಡುಕಿದರು. ನಾನು ರೆಕಾರ್ಡರನ್ನು ಅಜ್ಜಿಗೆ ಕಾಣುವಂತೆ ಹಿಡಿದೆ, ಕೆಂಪು ದೀಪ ಆರಿತ್ತು. ಅವರು ಅಜ್ಜನ ಬೆನ್ನ ಹಿಂದೆ ಬಾಗಿಲಿಗೆ ಒರಗಿ ನಿಂತರು. ಸೆರಗನ್ನು ಬಾಯಿಗೆ ಅಡ್ಡ ಹಿಡಿಯಲಿಲ್ಲ. ಪ್ರಾಸವನ್ನೂ ಕಟ್ಟಲಿಲ್ಲ. ಪಕ್ಕದವರನ್ನು ಕರೆಯುವಷ್ಟೇ ದನಿಯಲ್ಲಿ ಹೇಳಿದರು:

“ಕೊಟ್ರಪ್ಪನೋರೆ, ರೊಟ್ಟಿ ಆರ್ತೈತೆ, ಏಳ್ರಿ.”

ಅಜ್ಜ ಅಲುಗಾಡಲಿಲ್ಲ. ಸದ್ದು ಸಾಲಲಿಲ್ಲವೇನೋ ಎಂದು ನಾನು ಗುಂಡಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದು ತಡೆದರು. ಆ ಕಡೆ ತಿರುಗದೆಯೇ, ಎದುರಿನ ಗೋಡೆಗೆ ಹೇಳುವಂತೆ, “ಆಂ? ಏನಂದಿ? ಕೇಳ್ಸಲಿಲ್ಲ” ಎಂದರು.

ಅಜ್ಜಿ ಇನ್ನೊಮ್ಮೆ ಹೇಳಿದರು, ಈ ಸಲ ಹೆಸರನ್ನು ತುಸು ಎಳೆದು. ಅಜ್ಜನ ಹಿಡಿತ ಬಿಗಿಯಾಯಿತು. ಅಜ್ಜಿಗೆ ಅವರ ಮುಖ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು.

“ಇನ್ನೂ ಒಂದ್ಸಲ ಹೇಳು. ಈ ಮಿಷನ್ ಸರಿ ಇಲ್ಲ.”

ಅಜ್ಜಿ ಸೆರಗಿನ ಮೈಕನ್ನು ಬಿಚ್ಚಿ ತಂದು ನನ್ನ ಕೈಗಿಟ್ಟರು. “ಮಿಷನ್ ಸರಿ ಐತೆ. ಇವ್ರಿಗೆ ಮೊದಲ್ನೇ ಸಲಕ್ಕೇ ಕೇಳ್ಸೈತೆ. ನೀವೂ ಏಳ್ರಿ ಸರ್, ಕೈ ತೊಳಕಳ್ರಿ.”